ಕೋಚು ನೋಡುವ ಶಾಸ್ತ್ರ

ನನಗೊಂದು ಚಟವಿದೆ. ಎಲೆ ಅಡಿಕೆಯದಲ್ಲ, ಇಸ್ಪೀಟಿನದಲ್ಲ. ಒಂದೇ ಜಾತಿಯ ಮೂರು ವಸ್ತು ಕಣ್ಣಿಗೆ ಬಿದ್ದರೆ ಅವಕ್ಕೆ ಒಂದು, ಎರಡು, ಮೂರು ಎಂದು ರ‍್ಯಾಂಕ್ ಕೊಡುವವರೆಗೆ ಜೀವಕ್ಕೆ ಸಮಾಧಾನವಿರುವುದಿಲ್ಲ. ದೇವಸ್ಥಾನಗಳಿಗೆ ಅಲ್ಲಿ ಕೊಡುವ ಪುಳಿಯೋಗರೆಯ ಮೇಲೆ ರ‍್ಯಾಂಕ್ ಕೊಟ್ಟಿದ್ದೇನೆ. ಕೆನಡಾದ ನಮ್ಮ ಎರಿನ್ ಮಿಲ್ಸ್ ಬಡಾವಣೆಯ ಬೀದಿಯಲ್ಲಿ ಯಾರು ಹಿಮವನ್ನು ಎಷ್ಟು ನೀಟಾಗಿ ಗೋರುತ್ತಾರೆ ಎಂಬುದಕ್ಕೂ ನನ್ನಲ್ಲಿ ಒಂದು ಪಟ್ಟಿಯಿದೆ. ಅದರಲ್ಲಿ ನಾನು ಎರಡನೆಯವನು. ನಿಷ್ಪಕ್ಷಪಾತಿ ಅನ್ನಿಸಿಕೊಳ್ಳಲು ಒಂದು ಸ್ಥಾನ ಬಿಟ್ಟುಕೊಟ್ಟಿದ್ದೇನೆ. ಹೆಂಡತಿ ವಿಮಲಾಳ ಅಡುಗೆಗೆ ಮಾತ್ರ ಅಂಕ ಕೊಡುವುದಿಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಕೊಟ್ಟಿದ್ದೆ. ಆ ವಾರವೆಲ್ಲ ನನ್ನ ಅಡುಗೆಯನ್ನು ನಾನೇ ಮಾಡಿಕೊಂಡೆ, ಅದಕ್ಕೆ ಅಂಕ ಕೊಡುವ ಧೈರ್ಯವೂ ಬರಲಿಲ್ಲ.

ಇದರಲ್ಲಿ ನನ್ನ ತಪ್ಪೇನೂ ಇಲ್ಲ. ಎಟೋಬಿಕೋಕ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ ನನ್ನ ಕೆಲಸ. ಬೋಲ್ಟು, ನಟ್ಟು, ವಾಷರು ಸರಬರಾಜು ಮಾಡುವವರಲ್ಲಿ ಯಾರು ಮೇಲು, ಯಾರು ಕೀಳು ಎಂದು ತೂಗಿ ನೋಡುವುದಕ್ಕೇ ನನಗೆ ಸಂಬಳ. ಇಷ್ಟು ವರ್ಷ ಈ ಚಟವನ್ನು ಹಾಲೆರೆದು ಸಾಕಿದ್ದು ಕಂಪನಿ. ಅದು ಬೋಲ್ಟು ಬಿಟ್ಟು ಬ್ಯಾಸ್ಕೆಟ್‌ಬಾಲಿಗೆ ಹಬ್ಬಿದ್ದಕ್ಕೆ ಮಾತ್ರ ನಮ್ಮ ಮಗಳು ನಿಧಿ ಕಾರಣ.

ನಿಧಿ ಈ ವರ್ಷ ಹನ್ನೆರಡನೇ ಗ್ರೇಡು ಮುಗಿಸಿದಳು. ನಮ್ಮ ಎರಡೂ ಕಡೆಯ ವಂಶದಲ್ಲಿ ಸ್ಟೂಲಿಲ್ಲದೆ ಅಟ್ಟದ ಡಬ್ಬಿ ಇಳಿಸಿದವರು ಯಾರೂ ಇಲ್ಲ. ಇವಳು ಮಾತ್ರ ಹೇಗೋ ಬಾಗಿಲಿನ ಚೌಕಟ್ಟಿಗೆ ತಲೆ ತಗ್ಗಿಸುವಷ್ಟು ಬೆಳೆದುಬಿಟ್ಟಳು. ಮನೆ ಮುಂದೆ ಕಾರು ನಿಲ್ಲಿಸುವ ಡ್ರೈವ್‌ವೇಯಲ್ಲಿ ಒಂದು ಬುಟ್ಟಿ ಕಂಬ ನೆಟ್ಟುಕೊಟ್ಟೆ. ಅಂದಿನಿಂದ ಆ ಚೆಂಡಿನ ಧಪ್ ಧಪ್ ನಮ್ಮ ಮನೆಯ ಸುಪ್ರಭಾತ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅದೂ "ಫೈನ್", "ಮೇ ಬಿ", "ವಾಟೆವರ್" ದಾಟುವುದಿಲ್ಲ. ಇಂಥ ಮಗಳಿಗೆ ಹೋದ ಚಳಿಗಾಲ ಮೂರು ಕಾಲೇಜುಗಳ ಬ್ಯಾಸ್ಕೆಟ್‌ಬಾಲ್ ಕೋಚುಗಳಿಂದ ಫೋನು ಬಂತು. ಮೂವರದೂ ಒಂದೇ ಮಾತು: ಮನೆಗೆ ಬಂದು ನಿಮ್ಮನ್ನೆಲ್ಲ ಒಮ್ಮೆ ನೋಡಬೇಕು.

ಮೂರೂ ಕಾಲೇಜುಗಳು ಒಂದೇ ಕಾನ್ಫರೆನ್ಸಿಗೆ ಸೇರಿದವು. ಕಾನ್ಫರೆನ್ಸೆಂದರೆ ಭಾಷಣದ ಸಭೆಯಲ್ಲ, ವರ್ಷವಿಡೀ ತಮ್ಮತಮ್ಮಲ್ಲೇ ಆಡಿ ಸೋಲು-ಗೆಲುವು ಹಂಚಿಕೊಳ್ಳುವ ಕಾಲೇಜುಗಳ ಒಂದು ಗುಂಪು. ಒಂದು ಕಾಲೇಜು ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಇನ್ನೊಂದು ಇಲ್ಲಿನ ಸಮುದ್ರದಂಥ ಕೆರೆಯ ಅಂಚು ಹಿಡಿದು ಒಂದೂವರೆ ಗಂಟೆ ದಾರಿ. ಮೂರನೆಯದು ಉತ್ತರದಲ್ಲಿ, ಐದು ಗಂಟೆ ಕಾರು ಓಡಿಸಿದ ಮೇಲೆ, ಬಂಡೆ ಮತ್ತು ಪೈನ್ ಮರ ಬಿಟ್ಟು ಬೇರೇನೂ ಕಾಣಿಸದ ಊರಿನಲ್ಲಿ. ನಿಧಿಗೆ ಒಂದು ಒಳ್ಳೆಯ ತಂಡದಲ್ಲಿ ಜಾಗ ಸಿಗಬೇಕು, ಅವಳು ರಾತ್ರಿ ಊಟಕ್ಕೆ ಮನೆಗೂ ಬರಬೇಕು. ಇದು ನನ್ನ ಆಸೆ. ಅವಳ ಆಸೆ ಏನು ಎಂದು ಕೇಳಬಹುದಿತ್ತು. ವಿಮಲಾ ಎರಡು ಸಲ ನೆನಪಿಸಿದಳು ಕೂಡ. ಮೊದಲು ಕೋಚುಗಳ ಕ್ವಾಲಿಟಿ ತೀರ್ಮಾನವಾಗಲಿ, ಆಮೇಲೆ ಕೇಳೋಣ ಎಂದೆ.

ಪಕ್ಕದ ಸ್ಟ್ರೀಟ್ಸ್‌ವಿಲ್‌ನಲ್ಲಿರುವ ಡಾಕ್ಟರ್ ಪಾಟೀಲರು ನನಗೆ ಹಿರಿಯ ಗೆಳೆಯರು. ಧಾರವಾಡದವರು, ರಿಟೈರಾಗಿ ಬಹಳ ವರ್ಷವಾಯಿತು. ರೋಗಿಗಳಿಲ್ಲದೆ ಕೈ ಕಡಿಯುತ್ತಿರುವುದರಿಂದ ಯಾರ ಮನೆಯ ಸಮಸ್ಯೆಗಾದರೂ ಕರೆಯದೆಯೇ ಬರುತ್ತಾರೆ. ನಾವಿಬ್ಬರೂ ಮೊದಲು ಜಿಮ್ನೇಷಿಯಮ್ಮುಗಳಿಗೆ ಹೋಗಿ ಮೂವರು ಕೋಚುಗಳನ್ನು ದೂರದಿಂದ ನೋಡಿಬಂದೆವು. ಹತ್ತಿರದ ಕಾಲೇಜಿನ ಗ್ಲೆನ್ ಆಜಾನುಬಾಹು. ಆಟ ಶುರುವಾದ ಕ್ಷಣದಿಂದ ಗೆರೆಯುದ್ದಕ್ಕೂ ಓಡಾಡುತ್ತಾ ಕೂಗುತ್ತಲೇ ಇರುತ್ತಾನೆ. ಕೆರೆಯಂಚಿನ ಕಾಲೇಜಿನ ಶರ್ಲೀನ್ ಮಂಡಿಯೂರಿ ಕೂತು ಪೆನ್ನು ಕಚ್ಚುತ್ತಾಳೆ. ಉತ್ತರದ ಮೊಯ್ರಾ, ಅರವತ್ತರ ಹತ್ತಿರದ ಸಣಕಲು ಹೆಂಗಸು, ಕಾಲಮೇಲೆ ಕಾಲು ಹಾಕಿ ಸುಮ್ಮನೆ ಕೂತಿರುತ್ತಾಳೆ. ತಂಡ ಸೋಲುತ್ತಿದ್ದರೂ ಅದೇ ಭಂಗಿ.

"ಆ ಒದರಾಂವ ಛಲೋ ಕಾಣಸ್ತಾನ್ರಿ" ಎಂದರು ಪಾಟೀಲರು. "ಈ ಕಡೀ ಹೆಣ್ಮಗಳಿಗೆ ಆಟದ ಮ್ಯಾಲೆ ಆಸ್ಥೇನ ಇಲ್ಲ."

ಕೂಗುವುದಕ್ಕೆ ಇಪ್ಪತ್ತು ಅಂಕ ಇಟ್ಟೆ. ಗ್ಲೆನ್‌ಗೆ ಇಪ್ಪತ್ತಕ್ಕೆ ಇಪ್ಪತ್ತು. ಮೊಯ್ರಾಗೆ ಎರಡು, ಅದೂ ನಡುವೆ ಒಮ್ಮೆ ಕೆಮ್ಮಿದ್ದಕ್ಕೆ.

ಮನೆಗೆ ಬರುವವರನ್ನು ಬರಿಗೈಲಿ ಕೂರಿಸಲಾಗುತ್ತದೆಯೇ? ಗ್ಲೆನ್ ಬರುವ ಶನಿವಾರ ಉಪ್ಪಿಟ್ಟು, ಕೇಸರಿಭಾತು, ಮೆಣಸಿನಕಾಯಿ ಬಜ್ಜಿ ಆಗಲೇಬೇಕೆಂದೆ. ಸೋಫಾದ ಮೇಲೆ ಹೊಸ ಹೊದಿಕೆ ಬಂತು. ಪಾಟೀಲರು ಮನೆಯ ಹಿರಿಯರ ಹಾಗೆ ಕೋಟು ಹಾಕಿ ನಡುವಿನ ಕುರ್ಚಿಯಲ್ಲಿ ಕೂತರು. ವಿಮಲಾ ಇದನ್ನೆಲ್ಲ ನೋಡಿ, "ಏನ್ರೀ ಇದು, ಹೆಣ್ಣು ನೋಡೋ ಶಾಸ್ತ್ರದ ಥರ ಮಾಡ್ತಿದೀರಲ್ಲ? ಅವಳ ಕೈಲಿ ಹಾಡೊಂದು ಹೇಳಿಸ್ಬಿಡಿ, ಸರಿಹೋಗತ್ತೆ" ಎಂದಳು. ನಾನು ಹಾಗೇನಿಲ್ಲ ಎಂದೆ. ಎನ್ನುತ್ತಿರುವಾಗಲೇ ಗ್ಲೆನ್ ಬಂದು ಕೂತ, ನಿಧಿ ಟೋಪಿಯಿರುವ ಸ್ವೆಟ್‌ಶರ್ಟ್ ಹಾಕಿಕೊಂಡು, ಕಾಫಿ ಲೋಟಗಳ ಟ್ರೇ ಹಿಡಿದು, ಚೌಕಟ್ಟಿಗೆ ತಲೆ ತಗ್ಗಿಸಿ ಒಳಗೆ ಬಂದಳು. ಟ್ರೇ ಅವಳ ಕೈಗೆ ಕೊಟ್ಟವನು ನಾನೇ. ಮೂವತ್ತು ವರ್ಷದ ಹಿಂದೆ ವಿಮಲಾ ಹೀಗೇ ಬಂದಿದ್ದಳು. ಆಗಲೂ ಮಾತೆಲ್ಲ ಅವಳ ಅಪ್ಪನೇ ಆಡಿದ್ದರು.

ಗ್ಲೆನ್ ಮೂರು ಸಲ ಉಪ್ಪಿಟ್ಟು ಹಾಕಿಸಿಕೊಂಡ. ಪಾಟೀಲರು ಅವನ ನೇಟಿವ್ ಪ್ಲೇಸು ಯಾವುದು, ತಂದೆಗೆ ಏನು ಉದ್ಯೋಗವಿತ್ತು, ಅಣ್ಣತಮ್ಮಂದಿರು ಎಷ್ಟು ಜನ ಎಂದು ವಿಚಾರಿಸಿದರು. ಅವನು ಪಾಪ, ಕೆನಡಾದಲ್ಲಿ ಯಾರೂ ಕೇಳದ ಪ್ರಶ್ನೆಗಳಿಗೆ ಸಂತೋಷದಿಂದಲೇ ಉತ್ತರಿಸಿ, ನಿಧಿಯ ಕಡೆ ತಿರುಗಿ, ನಿನಗೆ ಈ ಆಟ ಯಾಕೆ ಇಷ್ಟ ಎಂದು ಕೇಳಿದ. ಅವಳು ಬಾಯಿ ತೆರೆಯುವಷ್ಟರಲ್ಲಿ ನಾನು ಉತ್ತರಿಸಿದೆ. ಮಕ್ಕಳಿಗೆ ತಮ್ಮ ಬಗ್ಗೆ ಹೇಳಿಕೊಳ್ಳಲು ಸಂಕೋಚವಿರುತ್ತದಲ್ಲ. ನಿನ್ನ ಆಟದಲ್ಲಿ ಏನು ಕೊರತೆಯಿದೆ ಎಂದು ಕೇಳಿದ. ಅದಕ್ಕೂ ನಾನೇ, ಅಂಥದ್ದೇನೂ ಇಲ್ಲ ಎಂದೆ. ಅವನು ಹೋದಮೇಲೆ ಪಾಟೀಲರು "ಮನಿತನ ಛಲೋ ಅದರಿ" ಎಂದು ಷರಾ ಬರೆದರು.

ಮುಂದಿನ ಶನಿವಾರ ಶರ್ಲೀನ್ ಬಂದಳು. ಗೋಡಂಬಿ ಆಗದು ಎಂದು ಉಪ್ಪಿಟ್ಟನ್ನೂ ಕೇಸರಿಭಾತನ್ನೂ ಮುಟ್ಟಲಿಲ್ಲ, ಅಲ್ಲೇ ಹತ್ತು ಅಂಕ ಹೋಯಿತು. ಆದರೆ ಟ್ಯಾಬ್ಲೆಟ್ಟಿನಲ್ಲಿ ಬಣ್ಣಬಣ್ಣದ ಗ್ರಾಫು ತೋರಿಸಿದಳು; ಗ್ರಾಫಿಗೆ ನಾನು ಸೋಲುವವನು. ಪಂದ್ಯ ಸೋತಾಗ ನಿನಗೆ ಹೇಗನಿಸುತ್ತದೆ ಎಂದು ಅವಳು ನಿಧಿಯನ್ನು ಕೇಳಿದಾಗ, ನನಗೆ ಹೇಗನಿಸುತ್ತದೆ ಎಂದು ವಿವರವಾಗಿ ಹೇಳಿದೆ. ಶರ್ಲೀನ್ ಪೆನ್ನು ಕಚ್ಚುತ್ತಾ ಕೇಳಿದಳು. ಎಷ್ಟು ಏಕಾಗ್ರತೆ ಅಂದುಕೊಂಡೆ.

ಕೊನೆಯ ಶನಿವಾರ ಮೊಯ್ರಾ. ಐದು ಗಂಟೆ ತಾನೇ ಕಾರು ಓಡಿಸಿಕೊಂಡು ಬಂದು, ಯಾರೂ ಹೇಳದೆಯೇ ಬೂಟು ಹೊರಗೆ ಬಿಟ್ಟು, ಕಾಲುಚೀಲದಲ್ಲಿ ಒಳಗೆ ಬಂದಳು. ಉಪ್ಪಿಟ್ಟು ಒಂದು ಚಮಚ ತಿಂದು ಥ್ಯಾಂಕ್ಸ್ ಎಂದಳು. ನಾನು ನೇರವಾಗಿ ವಿಷಯಕ್ಕೆ ಬಂದೆ: ಮೊದಲ ವರ್ಷ ನಮ್ಮ ಮಗಳಿಗೆ ಆಡಲು ಎಷ್ಟು ಅವಕಾಶ ಸಿಗುತ್ತದೆ?

"ಬಹಳ ಕಡಿಮೆ. ಸಿಗದೆಯೂ ಇರಬಹುದು. ಬೆಂಚಿನ ಮೇಲೆ ಕೂತು ಕಲಿಯಬೇಕಾಗುತ್ತದೆ" ಎಂದಳು ತಣ್ಣಗೆ.

ಪಾಟೀಲರು ನನ್ನ ಕಡೆ ಬಗ್ಗಿ, "ಇದೆಂಥಾ ಮಾತ್ರೀ? ವರಾ ತೋರಿಸ್ಲಿಕ್ಕೆ ಬಂದಾಕಿ ಹುಡುಗಗ ನೌಕರಿ ಇಲ್ಲ ಅಂತ ತಾನ ಹೇಳ್ತಾಳೇನು?" ಎಂದು ಪಿಸುಗುಟ್ಟಿದರು. ನನಗೂ ಹಾಗೇ ಅನ್ನಿಸಿತು. ಸುಳ್ಳಾದರೂ ಒಂದು ಒಳ್ಳೆಯ ಮಾತು ಆಡಬಾರದೆ?

ಆಮೇಲೆ ಮೊಯ್ರಾ ನಿಧಿಯನ್ನು ಏನೋ ಕೇಳಿದಳು, ನಾನು ಉತ್ತರಿಸಿದೆ. ಇನ್ನೊಂದು ಕೇಳಿದಳು, ಅದಕ್ಕೂ ಉತ್ತರಿಸಿದೆ. ಆಗ ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ನಿಮ್ಮ ಮನೆಯ ಕಾಫಿಯ ಪರಿಮಳ ಬಾಗಿಲಲ್ಲೇ ಬಂತು. ನನಗೂ ಒಂದು ಸಿಗಬಹುದೇ? ನಿಮ್ಮ ಕೈಯಿಂದಲೇ?" ಎಂದಳು.

ಇಂಥ ಮಾತನ್ನು ನನ್ನ ಬದುಕಿನಲ್ಲಿ ಯಾವ ಬಿಳಿಯ ಹೆಂಗಸೂ ಆಡಿರಲಿಲ್ಲ. ವಿಮಲಾ ಆಡುವುದನ್ನು ನಿಲ್ಲಿಸಿ ಬಹಳ ಕಾಲವಾಗಿತ್ತು. ಅಡುಗೆಮನೆಗೆ ಹಾರಿದೆ. ನೋಡಿದರೆ ಡಿಕಾಕ್ಷನ್ ಎಲ್ಲವನ್ನೂ ಪಾಟೀಲರು ಮುಗಿಸಿದ್ದಾರೆ. "ಇನ್‌ಸ್ಟಂಟ್ ಇದೆ, ಕಲಸಿ ಕೊಟ್ಬಿಡಿ" ಎಂದಳು ವಿಮಲಾ. ಐದು ಗಂಟೆ ದೂರದಿಂದ ಬಂದು ಬಾಯಿಬಿಟ್ಟು ಕೇಳಿದವಳಿಗೆ ಇನ್‌ಸ್ಟಂಟ್ ಕೊಡುವುದೇ? ಫಿಲ್ಟರ್ ತೊಳೆದು, ಹೊಸ ಪುಡಿ ಹಾಕಿ, ಕುದಿಯುವ ನೀರು ಸುರಿದು ಕಾದೆ. ಆ ದಿನ ಪುಡಿಯನ್ನು ಸ್ವಲ್ಪ ಬಿಗಿಯಾಗಿ ಒತ್ತಿದ್ದೆನೋ ಏನೋ, ಡಿಕಾಕ್ಷನ್ ಒಂದೊಂದೇ ಹನಿ ಇಳಿಯತೊಡಗಿತು. ಕಿಟಕಿಯಿಂದ ಹೊರಗೆ ನೋಡಿದರೆ ಮೊಯ್ರಾ, ನಿಧಿ ಇಬ್ಬರೂ ಡ್ರೈವ್‌ವೇಯಲ್ಲಿ ಬುಟ್ಟಿಯ ಕೆಳಗೆ ನಿಂತಿದ್ದಾರೆ. ಮೊಯ್ರಾ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಸುಮ್ಮನಿದ್ದಳು. ನಿಧಿ ಎರಡೂ ಕೈ ಆಡಿಸುತ್ತಾ ಮಾತಾಡುತ್ತಿದ್ದಳು, ನಗುತ್ತಿದ್ದಳು, ಮತ್ತೆ ಮಾತಾಡುತ್ತಿದ್ದಳು. ಆಟದ ನಿಯಮಗಳನ್ನು ವಿವರಿಸುತ್ತಿರಬೇಕು ಅಂದುಕೊಂಡೆ, ಕೋಚಿಗೆ! ಅರ್ಧ ಗಂಟೆಯ ಮೇಲೆ ನೊರೆಯೆಬ್ಬಿಸಿದ ಕಾಫಿಯನ್ನು ಲೋಟ-ಬಟ್ಟಲಿನಲ್ಲಿ ತಂದುಕೊಟ್ಟೆ. ಮೊಯ್ರಾ ಎರಡು ಲೋಟ ಕುಡಿದಳು. ಕಾಫಿಯ ಕಾಲಮ್ಮಿನಲ್ಲಿ ಹತ್ತಕ್ಕೆ ಹತ್ತು ಕೊಟ್ಟೆ. ಆದರೂ ಒಟ್ಟು ಕೂಡಿದಾಗ ಗ್ಲೆನ್ ಮೊದಲು, ಶರ್ಲೀನ್ ಎರಡನೆಯವಳು, ಮೊಯ್ರಾ ಬಹಳ ಹಿಂದೆ ಕೊನೆಯಲ್ಲಿ.

ಎರಡು ವಾರ ಬಿಟ್ಟು, ಶುಭ ಸಮಾಚಾರ ತಿಳಿಸುವ ಠೀವಿಯಲ್ಲಿ ಗ್ಲೆನ್‌ಗೆ ಫೋನು ಮಾಡಿ, ನಾವು ನಿಮ್ಮನ್ನು ಆರಿಸಿದ್ದೇವೆ ಎಂದೆ. ಅವನು ಮೊದಲು ಕ್ಷಮೆ ಕೇಳಿ, ಆ ಜಾಗಕ್ಕೆ ಬೇರೊಬ್ಬಳನ್ನು ತೆಗೆದುಕೊಂಡುಬಿಟ್ಟೆ ಎಂದ. "ನಿಮ್ಮ ಕುಟುಂಬ ಬಹಳ ಇಷ್ಟವಾಯಿತು. ಉಪ್ಪಿಟ್ಟಂತೂ ಮರೆಯುವುದಿಲ್ಲ. ಆದರೆ ನಿಮ್ಮ ಮಗಳು ಎಂಥವಳು ಅಂತ ನನಗೆ ತಿಳಿಯಲೇ ಇಲ್ಲ. ನೀವು ಎಂಥವರು ಅಂತ ಚೆನ್ನಾಗಿ ತಿಳಿಯಿತು." ಶರ್ಲೀನ್‌ಗೆ ಫೋನು ಮಾಡಿದರೆ ಅವಳೂ ಇದನ್ನೇ ಇನ್ನೂ ಮೃದುವಾಗಿ ಹೇಳಿದಳು. ತಂಡದಲ್ಲಿ ಹನ್ನೆರಡು ಹುಡುಗಿಯರನ್ನು ಸಂಭಾಳಿಸಬೇಕು, ಹದಿಮೂರನೆಯದಾಗಿ ಒಬ್ಬ ತಂದೆಯನ್ನು ಸಂಭಾಳಿಸುವ ಶಕ್ತಿ ತನಗಿಲ್ಲ ಎಂದಳು.

ನನ್ನ ಬಾಯಿಯಿಂದ ನನ್ನ ಮಗಳಿಗೆ ಎರಡು ಕಾಲೇಜು ಕೈತಪ್ಪಿತ್ತು. ಇಷ್ಟು ದಿನ ನಾನು ಅವರಿಗೆ ಅಂಕ ಕೊಡುತ್ತಿದ್ದೇನೆ ಎಂದುಕೊಂಡಿದ್ದರೆ, ಅವರು ಉಪ್ಪಿಟ್ಟು ತಿನ್ನುತ್ತಲೇ ನನ್ನನ್ನು ಫೇಲು ಮಾಡಿದ್ದರು. ಮಾನ ಮರ್ಯಾದೆಯನ್ನೆಲ್ಲ ಪಕ್ಕಕ್ಕಿಟ್ಟು ಮೊಯ್ರಾಗೆ ಫೋನು ಮಾಡಿ, ನಮ್ಮ ಹುಡುಗಿಯನ್ನು ದಯವಿಟ್ಟು ನೋಡಿ ಎಂದು ಬೇಡಿಕೊಳ್ಳಲು ಶುರುಮಾಡಿದೆ.

"ನಿಧಿ ಹೇಳಲಿಲ್ಲವೇ? ಹೋದ ವಾರವೇ ಅವಳು ನನಗೆ ಒಪ್ಪಿಗೆ ಕೊಟ್ಟಿದ್ದಾಳೆ" ಎಂದಳು ಮೊಯ್ರಾ. "ನಿಮ್ಮ ರ‍್ಯಾಂಕಿಂಗ್ ಕೆಲಸ ಮುಗಿಯಲಿ, ಮಧ್ಯದಲ್ಲಿ ತೊಂದರೆ ಕೊಡಬಾರದು ಅಂತ ಸುಮ್ಮನಿದ್ದಾಳೆ."

ಕ್ವಾಲಿಟಿ ವಿಭಾಗದವನಲ್ಲವೇ, ಬಾಯಿ ಸುಮ್ಮನಿರಲಿಲ್ಲ. ಉಳಿದಿಬ್ಬರು ಬೇಡವೆಂದವಳನ್ನು ನೀವು ಯಾವ ಆಧಾರದ ಮೇಲೆ ತೆಗೆದುಕೊಂಡಿರಿ ಎಂದು ಕೇಳಿಬಿಟ್ಟೆ. ಮೊಯ್ರಾ ನಕ್ಕಳು. ಹುಡುಗಿಯ ಆಟ ತನಗೆ ಮೊದಲೇ ಗೊತ್ತಿತ್ತು, ಪರೀಕ್ಷೆ ಮಾಡಿದ್ದು ತಂದೆಯನ್ನು ಎಂದಳು. ಎಲ್ಲ ಮನೆಯಲ್ಲೂ ತಂದೆಯನ್ನು ಏನಾದರೂ ನೆಪ ಹೇಳಿ ಒಳಗೆ ಕಳಿಸುತ್ತಾಳಂತೆ: ನೀರು, ಹಳೆಯ ಫೋಟೋ, ಕಾಫಿ. ಹೆಚ್ಚಿನವರು ಎರಡೇ ನಿಮಿಷದಲ್ಲಿ ಓಡಿಬಂದು ಮತ್ತೆ ಮಗಳ ಪಕ್ಕ ನಿಲ್ಲುತ್ತಾರಂತೆ. "ನೀವು ಅರ್ಧ ಗಂಟೆ ಬರಲೇ ಇಲ್ಲ. ಅವಳು ಮನಸ್ಸು ಬಿಚ್ಚಿ ಮಾತಾಡಲಿ ಅಂತ ಅಷ್ಟು ಹೊತ್ತು ದೂರವಿದ್ದಿರಿ. ಅಂಥ ತಂದೆಯ ಮಗಳಿಗೆ ನಾನು ಕಲಿಸಬಲ್ಲೆ ಅನ್ನಿಸಿತು."

ನಾನು ಬಹಳ ಗಂಭೀರವಾಗಿ, ಮಕ್ಕಳಿಗೆ ಅವಕಾಶ ಕೊಡಬೇಕು ನೋಡಿ ಎಂದೆ. ಡಿಕಾಕ್ಷನ್ನಿನ ವಿಷಯ ಎತ್ತಲಿಲ್ಲ.

ಆಗಸ್ಟು ಬಂದಿದೆ. ನಿಧಿಯ ಸಾಮಾನುಗಳೆಲ್ಲ ಹಜಾರದಲ್ಲಿ ಪೆಟ್ಟಿಗೆಯಾಗಿ ಕೂತಿವೆ. ಆ ಧಪ್ ಧಪ್ ನಿಂತರೆ ಬೆಳಿಗ್ಗೆ ನಾನು ಹೇಗೆ ಏಳುತ್ತೇನೋ ತಿಳಿಯದು. ಆದರೂ ಖುಷಿಯಾಗುತ್ತದೆ. ನಿನ್ನೆ ಒಂದು ಪೆಟ್ಟಿಗೆಯಲ್ಲಿ ಹೊಸ ಫಿಲ್ಟರನ್ನೂ ಒಂದು ಕಿಲೋ ಕಾಫಿಪುಡಿಯನ್ನೂ ಇಡುತ್ತಾ, ಇದು ಮೊಯ್ರಾಗೆ, ನನ್ನ ಹೆಸರು ಹೇಳಿ ಕೊಡು ಎಂದೆ. ನಿಧಿ ಫಿಲ್ಟರನ್ನು ಕೈಗೆತ್ತಿಕೊಂಡು ಹೊರಳಾಡಿ ನಕ್ಕಳು. ನಕ್ಕು ಸಾಕಾದ ಮೇಲೆ, ಎಂದೂ ಇಲ್ಲದ ಹಾಗೆ ಕನ್ನಡದಲ್ಲೇ ಹೇಳಿದಳು:

"ಅಪ್ಪಾ, ಅವ್ರು ಕಾಫೀನೇ ಕುಡಿಯಲ್ಲ. ಅವ್ರಿಗೆ ವಾಸನೇನೂ ಆಗಲ್ಲ. ನೀವು ಅಷ್ಟ್ ಹೊತ್ತು ಮಾಡಿದ್ರಲ್ಲ, ಅದಕ್ಕೇ ಪಾಪ ಕುಡಿದ್ರು."

ಅಂದು ಮೊಯ್ರಾ ಒಂದೊಂದು ಗುಟುಕಿಗೂ ಕಣ್ಣು ಮುಚ್ಚಿಕೊಳ್ಳುತ್ತಿದ್ದುದು ನನಗೆ ಸ್ಪಷ್ಟವಾಗಿ ಕಂಡಿತ್ತು. ರುಚಿಗೆ ಮೈಮರೆತಿದ್ದಾಳೆ ಎಂದು ತೀರ್ಮಾನಿಸಿ, ಒತ್ತಾಯ ಮಾಡಿ ಎರಡನೆಯ ಲೋಟ ಸುರಿದವನು ನಾನೇ.