ಮೊಮ್ಮಗನ ಕಾರಿಗೊಂದು ವಾಲ್ವು

ಗಾಡಿ ತೊಳೆಯುವ, ಕುರುಗೋಡಿನ ಗಾದಿಲಿಂಗನ ವಾಟರ್ ಸರ್ವಿಸ್‌ನಲ್ಲಿ ಅವತ್ತು ಬೆಳಿಗ್ಗೆ ಕೆಟ್ಟದ್ದು ಅಂಗೈಯಗಲದ ಒಂದು ಹಿತ್ತಾಳೆ ವಾಲ್ವು. ಸ್ವಿಚ್ ಹಾಕಿದರೆ ನೀರು ಬಿಡಬೇಕು, ತೆಗೆದರೆ ನಿಲ್ಲಿಸಬೇಕು. ಅದರ ಕೆಲಸ ಅಷ್ಟೇ. ಬಿಡುವುದು ನೆನಪಿತ್ತು, ನಿಲ್ಲಿಸುವುದು ಮರೆತಿತ್ತು. ಮಷೀನಿನಲ್ಲಿ ಒತ್ತಡ ಏರುವ ಮೊದಲೇ ನೀರು, ನೊರೆ ಎಲ್ಲ ಕೂಡಿ ಗಟಾರ ಸೇರಿದವು.

ಬೇರೆ ದಿನವಾಗಿದ್ದರೆ ಷಟರ್ ಎಳೆದು ಮಲಗಿಬಿಡುತ್ತಿದ್ದ. ಆದರೆ ಅವತ್ತು ಸಂಜೆ ನಾಲ್ಕಕ್ಕೆ ಮಗಳು ನಂದಿನಿಯನ್ನೂ ಹನ್ನೊಂದು ದಿನದ ಮೊಮ್ಮಗನನ್ನೂ ಬಳ್ಳಾರಿ ಆಸ್ಪತ್ರೆಯಿಂದ ಬಿಡುವವರಿದ್ದರು. ಹೆಂಡತಿ ಹನುಮಮ್ಮ ಅಲ್ಲೇ ಇದ್ದಳು. ಗಾದಿಲಿಂಗ ಕೂಸನ್ನು ನೋಡಿದ್ದು ಗಾಜಿನ ಆಚೆಯಿಂದ ಮಾತ್ರ. ಕಾರಿನಲ್ಲಿ, ತನ್ನ ತೊಡೆಯ ಮೇಲೆ ಮಲಗಿಸಿಕೊಂಡು ಮನೆಗೆ ತರಬೇಕೆಂದು ಹನ್ನೊಂದು ದಿನದಿಂದ ಕಾದಿದ್ದ.

ಕಾರು ಎದುರುಮನೆಯ ಕೊಟ್ಟೂರಪ್ಪನದು. ಹಿಂದಿನ ದಿನ ಸಿರಿಗೇರಿಯಿಂದ ಅದರಲ್ಲೇ ಒಣಮೆಣಸಿನಕಾಯಿ ಚೀಲ ಹೇರಿಕೊಂಡು ಬಂದಿದ್ದ. ಬಾಗಿಲು ತೆಗೆದವರು ಎರಡು ಸಲ ಸೀನದೆ ಮಾತಾಡುವಂತಿರಲಿಲ್ಲ. ಗಾದಿಲಿಂಗ ಹಸಿಬಟ್ಟೆಯಿಂದ ಒರೆಸಿ ನೋಡಿದ. ಸೀಟು ಖಾರ ಅರೆದ ಒಳಕಲ್ಲಿನಂತಾಯಿತು. ಮಷೀನಿಲ್ಲದೆ ಗತಿಯಿಲ್ಲ.

"ಕಂಪನಿದು ತಗೊಂಬಾರಪಾ, ಜಿಪುಣತನ ಮಾಡಬ್ಯಾಡ," ಎಂದ ಕೊಟ್ಟೂರಪ್ಪ.

"ಪ್ಲಾಸ್ಟಿಕ್‌ದು ಸಾಕು ಮಾವ. ಫಿಲ್ಟರ್ ಮಷೀನಿನಾಗ ಅದೇ ಇರತೈತಿ," ಎಂದ ಪಕ್ಕದ ಪಂಕ್ಚರ್ ಅಂಗಡಿಯ ಮಾರೇಶ.

ಗಾದಿಲಿಂಗ ಹಳೆಯ ವಾಲ್ವನ್ನು ಬಿಚ್ಚಿ, ಕರ್ಚೀಫಿನಲ್ಲಿ ಸುತ್ತಿ ಬಳ್ಳಾರಿ ಬಸ್ಸು ಹತ್ತಿದ. ಬಸ್ಸು ಆಸ್ಪತ್ರೆಯ ಮುಂದೆಯೇ ನಿಂತಿತು. ಇಳಿಯಲು ಎತ್ತಿದ ಕಾಲನ್ನು ಮತ್ತೆ ಒಳಗಿಟ್ಟ. ಹೋದರೆ ಕಾರಿನಲ್ಲೇ ಹೋಗಬೇಕು.

ಅಂಗಡಿಯ ಹಾಲಸಿದ್ದಪ್ಪ ಮೂರು ವಾಲ್ವು ಸಾಲಾಗಿ ಇಟ್ಟ. "ಪ್ಲಾಸ್ಟಿಕ್ ಮುನ್ನೂರೈವತ್ತು, ಹಿತ್ತಾಳಿ ಎಂಟುನೂರು, ಕಂಪನಿದು ಎರಡು ಸಾವಿರದ ಇನ್ನೂರು. ನಿಮ್ದು ಎಷ್ಟು ವೋಲ್ಟಿಂದ್ರಿ?"

ಹಳೆಯದರ ಮೇಲಿನ ಬರಹ ಅಳಿಸಿಹೋಗಿತ್ತು. ಗಾದಿಲಿಂಗ ಮಾರೇಶನಿಗೆ ಫೋನು ಹಚ್ಚಿದ. ಮಾರೇಶ ವೈರು ನೋಡಿ "ಇನ್ನೂರಾ ಮೂವತ್ತು" ಎಂದ. ಕೊಟ್ಟೂರಪ್ಪ ಫೋನು ಕಸಿದುಕೊಂಡು "ಇಪ್ಪತ್ನಾಲ್ಕು, ಅವಗೇನು ಗೊತ್ತು!" ಎಂದ. ಅಲ್ಲಿ ಇಬ್ಬರಿಗೂ ಜಗಳ ಹತ್ತಿತು. ಗಾದಿಲಿಂಗ ಇಲ್ಲಿ ಮುಕ್ಕಾಲು ತಾಸು ಫೋನು ಕಿವಿಗಿಟ್ಟುಕೊಂಡು ಅದನ್ನು ಕೇಳಿದ. ಕೊನೆಗೆ ಮಾರೇಶನೇ ಗೆದ್ದ.

ಇನ್ನು ಆರಿಸುವುದು. ಗಾದಿಲಿಂಗ ಪ್ಲಾಸ್ಟಿಕ್ಕಿನದಕ್ಕೆ ಬಾಯಿಟ್ಟು ಸಂತೆಯಲ್ಲಿ ಪೀಪಿ ಕೊಳ್ಳುವವನಂತೆ ಊದಿದ. ಉಸಿರು ಸಲೀಸಾಗಿ ಆಚೆ ಹೋಯಿತು. ಹಿತ್ತಾಳೆಯದು ತಡೆಯಿತು.

"ಅಣ್ಣಾ, ಮಾಲು ಎಂಜಲ ಮಾಡಬ್ಯಾಡ್ರಿ!"

"ಎಂಜಲ ಮಾಡಿದ್ದನ್ನೇ ಒಯ್ತೀನಿ ತಗೊ," ಎಂದು ಐವತ್ತು ಇಳಿಸಿ ಹಿತ್ತಾಳೆಯದನ್ನು ಕೊಂಡ.

ಬಸ್ಸು ಕಿಕ್ಕಿರಿದಿತ್ತು. ಹಿಂಬಾಗಿಲಲ್ಲಿ ಜೋತುಬಿದ್ದು ಬಂದವನು ಕುರುಗೋಡಿನಲ್ಲಿ ಹಾರಿ ಇಳಿದು ಓಡಿದ. ವಾಲ್ವು ಕೂರಿಸಿ ಕೊಳಾಯಿ ತಿರುಗಿಸಿದರೆ, ಸ್ವಿಚ್ ಮುಟ್ಟುವ ಮೊದಲೇ ಪೈಪು ಹೆಡೆಯೆತ್ತಿ ಸುತ್ತ ನಿಂತವರನ್ನೆಲ್ಲ ತೋಯಿಸಿತು. ಏನೋ ಹೇಳಲು ಬಂದಿದ್ದ ಪಕ್ಕದ ಮನೆಯ ಜೋಗಮ್ಮ ಸೀರೆ ಹಿಂಡಿಕೊಂಡು ಬೈಯುತ್ತ ತಿರುಗಿ ಹೋದಳು.

"ಮಾವ, ಮ್ಯಾಲ ಬಾಣದ ಗುರ್ತೈತಿ ನೋಡ್ರಿ. ನೀರು ಹೋಗೋ ದಿಕ್ಕದು. ಉಲ್ಟಾ ಕುಂದರ್ಸೀರಿ," ಎಂದ ಮಾರೇಶ ಮುಖ ಒರೆಸಿಕೊಳ್ಳುತ್ತ.

ತಿರುಗಿಸಿ ಕೂರಿಸಿದರು. ನೊರೆ ಹಾಲಿನಂತೆ ಬಂತು, ಹೇಳಿದಲ್ಲಿ ನಿಂತಿತು. ಕಾರು ಎಣ್ಣೆ ಸವರಿದ ಬದನೆಕಾಯಿಯ ಹಾಗೆ ಹೊಳೆಯಿತು. ಕೊಟ್ಟೂರಪ್ಪ ಸೀಟಿಗೆ ಮೂಗಿಟ್ಟು ಎಳೆದ; ಸೀನು ಬರಲಿಲ್ಲ. ಗಂಟೆ ಎರಡೂವರೆ. ಅಂಗಿ ಬದಲಿಸಲು ಗಾದಿಲಿಂಗ ಹಿಂದಿನ ಓಣಿಯ ಮನೆಗೆ ಓಡಿದ.

ಬಾಗಿಲು ತೆರೆದಿತ್ತು. ಒಳಗಿಂದ ಲೋಬಾನದ ಹೊಗೆ ಬರುತ್ತಿತ್ತು. ಹನುಮಮ್ಮ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು.

"ನೀ... ಯಾವಾಗ ಬಂದಿ?"

"ನೀವು ಬಂದ ಬಸ್ಸಿನಾಗ."

"ಏನು?"

"ಡಾಕ್ಟ್ರು ಮುಂಜಾನಿನೇ ಬಿಟ್ರು. ನಿಮಗ ಫೋನ್ ಮಾಡಿದ್ರ ಬರೇ ಬಿಜಿ. ಅವ್ವ ಮಗಳು ಆಧಾರ್ ತೋರ್ಸಿ ಪುಕ್ಕಟೆ ಬಂದ್ವಿ. ಮುಂದಿನ ಸೀಟಿನಾಗಿದ್ವಿ. ನೀವು ಹಿಂದ ನಿಂತು ಯಾರಿಗೋ ವಾಲ್ವಿನ ಪುರಾಣ ಹೇಳಾಕ ಹತ್ತಿದ್ರಿ. ಕೂಗಿದ್ರ ಕೂಸು ಎದ್ದೀತಂತ ಸುಮ್ಮನಾದೆ. ಕರಿಯಾಕ ಜೋಗಮ್ಮನ್ನ ಕಳಿಸಿದ್ರ ಆಕಿಗೆ ಜಳಕ ಮಾಡ್ಸಿ ಕಳಿಸೀರಿ."

ಗಾದಿಲಿಂಗ ಹೊಸ್ತಿಲ ಮೇಲೆ ಕೂತ. ಮೆಲ್ಲಗೆ ಕೇಳಿದ: "ಒಂದು ಸುತ್ತು... ಊರ ಅಗಸಿ ಬಾಗಿಲತನಕ, ಕಾರಿನಾಗ ಕರಕೊಂಡು ಹೋಗಿ ಬರ್ಲೇನು?"

"ಹಸಿಗೂಸು ಹೊಸ್ತಿಲು ದಾಟಂಗಿಲ್ಲ!"

ಅಷ್ಟರಲ್ಲಿ ಬೀದಿಯಿಂದ ಕೊಟ್ಟೂರಪ್ಪನ ದನಿ ಕೇಳಿತು. "ಗಾದಿಲಿಂಗಾ, ಕೂಸು ಬಂತಂತಲ್ಲೋ! ಹಂಗಾದ್ರ ಕಾರು ನಾ ಒಯ್ತೀನಿ. ಸಿರಿಗೇರ್ಯಾಗ ಇನ್ನೂ ಎಂಟು ಚೀಲ ಅದಾವು."

ಕಾರು ಹೋದ ಸದ್ದು ಓಣಿ ತಿರುಗಿ ಅಡಗಿತು.

ನಂದಿನಿ ಒಳಗಿಂದ ಬಂದು ಕೂಸನ್ನು ಅಪ್ಪನ ತೊಡೆಯ ಮೇಲಿಟ್ಟಳು. ಗಾದಿಲಿಂಗ ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಂಡ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಬಾಗಿ, ಕಿವಿಯ ಹತ್ತಿರ ಸಣ್ಣಗೆ "ಪೀಂ ಪೀಂ" ಎಂದ.

"ಬಳ್ಳಾರಿ ಬಿಟ್ವಿ ನೋಡಪಾ ಈಗ... ಇದು ಬಾದನಹಟ್ಟಿ..."

ಬಾದನಹಟ್ಟಿ ದಾಟುವಷ್ಟರಲ್ಲಿ ಮೊಮ್ಮಗ ನಿದ್ದೆ ಹೋದ. ಕುರುಗೋಡು ಬರುವವರೆಗೂ ಗಾದಿಲಿಂಗ ತೊಡೆ ಅಲುಗಿಸಲಿಲ್ಲ.