ಹದಿನೆಂಟನೇ ಹಲ್ಲಿನ ನೋವು

ನೀವು ಇದನ್ನು ನಂಬುವುದಿಲ್ಲ. ನಂಬಲೇಬೇಡಿ! ನಂಬದೆ ಕೊನೆಯ ಸಾಲಿನವರೆಗೆ ಓದಿ ತೋರಿಸಿ, ನೋಡೋಣ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತ ತಳ್ಳಿ ನಿವೃತ್ತನಾದ ನಾನು, ದೇಶದೇಶಗಳ ದಂತವೈದ್ಯ ಶಿಕ್ಷಣಕ್ಕೆ ಒಂದು ಶಾಶ್ವತ ನಿಯಮವನ್ನು ಕೊಡುಗೆಯಾಗಿ ಕೊಟ್ಟಿದ್ದೇನೆ. ಅದೂ ಬಾಯಲ್ಲಿ ಒಂದೇ ಒಂದು ಸ್ವಂತ ಹಲ್ಲಿಲ್ಲದೆ!

ಹಲ್ಲಿಲ್ಲದ ವಿಷಯ ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ನನ್ನ ಹೆಂಡತಿ ಶಾರದಾಳಿಗೆ ಮಾತ್ರ ಗೊತ್ತು ಎಂದುಕೊಂಡಿದ್ದೆ. ಉಳಿದವರ ಮುಂದೆ ಚಕ್ಕುಲಿಯನ್ನು ಕಟಕಟನೆ ಕಡಿದು, "ಎಲ್ಲಾ ಬೇವಿನ ಕಡ್ಡಿ ಮಹಿಮೆ ಕಣ್ರೀ!" ಎನ್ನುತ್ತಿದ್ದೆ. ಹಲ್ಲಿನ ಸೆಟ್ಟು ದೆಹಲಿಯ ಕರೋಲ್ ಬಾಗ್ ಅಂಗಡಿಯದು.

ಎದುರು ಮನೆಯ ಶಬಾನಾ ತುಮಕೂರಿನ ಹುಡುಗಿ. ಇಲ್ಲಿಯ ಒಂದು ಡೆಂಟಲ್ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಒಂದು ಸಂಜೆ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದಳು.

"ಅಂಕಲ್, ನಾಳೆ ಬೆಳಿಗ್ಗೆ ನಿಮಗೊಂದು ಹಲ್ಲುನೋವು ಬರಬೇಕು."

"ಯಾವ ಹಲ್ಲು ಬೇಕಮ್ಮಾ? ಇರೋದೆಲ್ಲಾ ನಿನ್ನದೇ!"

ವಿಷಯ ಇಷ್ಟು. ಒಂದೊಂದು ದೇಶದಲ್ಲಿ ಹಲ್ಲಿನ ಡಾಕ್ಟರಾಗಲು ಒಂದೊಂದು ಪಾಠ, ಒಂದೊಂದು ಪರೀಕ್ಷೆ. ಇಲ್ಲಿ ಪಾಸಾದವರು ಅಲ್ಲಿಗೆ ಹೋದರೆ ಮತ್ತೆ ಅ ಆ ಇ ಈ. ಎಲ್ಲ ಕಡೆ ಒಂದೇ ಅಳತೆ ಬರಲಿ ಎಂದು ಶಬಾನಾ ಹಗಲು ರಾತ್ರಿ ಕೂತು ಒಂದು ಪರೀಕ್ಷೆ ರೂಪಿಸಿದ್ದಳು. ಒಬ್ಬ ನಟ ರೋಗಿಯಾಗಿ ಕೂರುತ್ತಾನೆ. ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ನೋವನ್ನು ಒಂದೇ ಮಾತಿನಲ್ಲಿ ಹೇಳುತ್ತಾನೆ. ರೋಗ ಯಾವುದೆಂದು ಅವರು ಕೇಳಿ ತಿಳಿಯಬೇಕು. ಬೇರೆ ಬೇರೆ ದೇಶದ ಪರೀಕ್ಷಕರು ಅಂಕ ಹಾಕುತ್ತಾರೆ. ಅವರ ಅಂಕಗಳು ಒಂದಕ್ಕೊಂದು ಹೊಂದಿದರೆ ಶಬಾನಾಳ ಪರೀಕ್ಷೆ ಆ ಎಲ್ಲ ದೇಶಕ್ಕೂ ಹೋಗುತ್ತದೆ. ಹೊಂದದಿದ್ದರೆ ಕಸದ ಬುಟ್ಟಿಗೆ. ಪರೀಕ್ಷಕರು ಬಂದಿಳಿದಾಗಿತ್ತು. ಗೊತ್ತುಮಾಡಿದ್ದ ನಟ ಕೈಕೊಟ್ಟಿದ್ದ.

"ಬಾಯಿ ತೆಗೆಸ್ತಾರೇನಮ್ಮಾ?" ಎಂದೆ, ಹುಷಾರಾಗಿ.

"ಇಲ್ಲ ಅಂಕಲ್. ಬಾಯಿ ನೋಡ್ಬೇಕು ಅಂದವರಿಗೆ ನಾವೇ ಫೋಟೋ ಕೊಡ್ತೀವಿ. ನೀವು ಎಡಗೆನ್ನೆ ಹಿಡ್ಕೊಂಡು ಹಿಂದೀಲಿ ಮೂರೇ ಮಾತು ಹೇಳಿ. ಎಡಗಡೆ ಕೆಳಗೆ ನೋವು. ತಣ್ಣೀರು ತಾಗಿದ್ರೆ ಜಾಸ್ತಿ. ರಾತ್ರಿ ನಿದ್ದೆ ಇಲ್ಲ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ."

"ಚಿಂತೆ ಬಿಡು! ನಾಟಕದಲ್ಲಿ ರಾಜನ ಪಾರ್ಟು ಮಾಡಿದವನು ನಾನು."

"ರಾಜನ ಪಾರ್ಟಲ್ಲಮ್ಮಾ," ಅಡುಗೆಮನೆಯಿಂದ ಶಾರದಾ ಕೂಗಿದಳು, "ರಾಜ ಕೂತ್ಕೊಳ್ಳೋ ಕುರ್ಚಿ ತಂದಿಡೋ ಪಾರ್ಟು."

ಮರುದಿನ ಶಾರದಾಳೂ ನೋಡಲು ಬಂದಳು. ಕಾಲೇಜಿನ ಹಾಲಿನಲ್ಲಿ ನನಗೊಂದು ಕುರ್ಚಿ. ಎದುರಿಗೆ ಪರೀಕ್ಷಕರು, ಅವರಿಗೆ ಹಿಂದಿಯನ್ನು ಇಂಗ್ಲಿಷಿಗೆ ತಿರುಗಿಸಲು ಪಕ್ಕದಲ್ಲಿ ಶಬಾನಾ. ಅವರಲ್ಲಿ ಜೋರು ಬಾಯಿ ಇಬ್ಬರದು, ಅಮೆರಿಕದ ಉದ್ದನೆಯ ಪ್ರೊಫೆಸರು ಮತ್ತು ಜರ್ಮನಿಯ ಮೇಡಮ್ಮು. ಶುರುವಾಗುವ ಮೊದಲೇ ಇಬ್ಬರಿಗೂ ಜಗಳ! ಅಮೆರಿಕದವರು ಹಲ್ಲನ್ನು ಒಂದರಿಂದ ಮೂವತ್ತೆರಡರವರೆಗೆ ಸಾಲಾಗಿ ಎಣಿಸುತ್ತಾರಂತೆ. ಜರ್ಮನಿಯಲ್ಲೂ ನಮ್ಮಲ್ಲೂ ಬಾಯಿಯನ್ನು ನಾಲ್ಕು ಪಾಲು ಮಾಡಿ, ಪಾಲಿಗೊಂದು ಅಂಕಿ, ಹಲ್ಲಿಗೊಂದು ಅಂಕಿ. ಹಾಗಾಗಿ ಅಮೆರಿಕದ ಹದಿನೆಂಟು ಎಡಗಡೆ ಕೆಳಗಿದ್ದರೆ, ಜರ್ಮನಿಯ ಹದಿನೆಂಟು ಬಲಗಡೆ ಮೇಲಿದೆ! ಅದಕ್ಕೇ ಶಬಾನಾ ನಂಬರಿನ ಗೊಡವೆಯೇ ಬೇಡವೆಂದು ನನಗೆ ಕೆನ್ನೆ ಹಿಡಿಸಿದ್ದು. ಜಾಣೆ. ಆದರೆ ನಾನು ಅವಳಿಗಿಂತ ಜಾಣ!

ಮೊದಲನೆಯ ಹುಡುಗನಿಗೆ ಮೂರು ಮಾತನ್ನು ಮುತ್ತಿನಂತೆ ಉದುರಿಸಿದೆ. ಶಬಾನಾ ಹೆಬ್ಬೆರಳೆತ್ತಿದಳು. ಎರಡನೆಯವನು ತಲೆಯೆತ್ತದೆ "ಅಚ್ಛಾ, ಅಚ್ಛಾ" ಎಂದು ಬರೆದುಕೊಂಡು ಎದ್ದೇ ಹೋದ. ನನಗೆ ಅವಮಾನವಾಯಿತು. ರಾಜನ ನೋವಿಗೆ ಇಷ್ಟೇ ಬೆಲೆಯೇ?

ಮೂರನೆಯವನು ಬಂದಾಗ ಎಡಗೆನ್ನೆ ಹಿಡಿದು, ಆಗ ತಾನೇ ಕೇಳಿ ಕಲಿತ ಹದಿನೆಂಟರ ವಿದ್ಯೆಯನ್ನು ಹೊರಬಿಟ್ಟೆ. "ಅಠಾರಾ ನಂಬರ್, ಭಯ್ಯಾ! ಅಠಾರಾ!"

ಹುಡುಗ ಕಕ್ಕಾಬಿಕ್ಕಿಯಾಗಿ, ಕಲಿತ ಪಾಠದ ಪ್ರಕಾರ, ಬಲಗಡೆ ಮೇಲಿನ ಹಲ್ಲು ಎಂದು ಬರೆದ. ಮೇಡಮ್ಮು ಪೂರ್ತಿ ಅಂಕ ಕೊಟ್ಟರು. ಪ್ರೊಫೆಸರು ಸೊನ್ನೆ ಕೊಟ್ಟರು.

"ಪೇಷಂಟ್ ಹಿಡಿದದ್ದು ಎಡಗೆನ್ನೆ!"

"ಪೇಷಂಟ್ ಹೇಳಿದ್ದು ಹದಿನೆಂಟು!"

ಅವರು ಇಂಗ್ಲಿಷಿನಲ್ಲಿ ಕೂಗಾಡುತ್ತಿದ್ದರೆ ಶಬಾನಾ ನನ್ನ ಕಿವಿಯ ಬಳಿ ಬಂದು, "ಅಂಕಲ್, ಮೂರೇ ಮಾತು. ಕೈ ಮುಗೀತೀನಿ" ಎಂದಳು. ಕೈ ಮುಗಿಯುವಷ್ಟು ಚೆನ್ನಾಗಿ ಮಾಡಿದೆನೇ ಎಂದುಕೊಂಡೆ.

ಆದರೂ ನ್ಯಾಯ ನ್ಯಾಯವೇ. ಯಾವ ದೇಶಕ್ಕೂ ಅನ್ಯಾಯವಾಗಬಾರದೆಂದು, ನಾಲ್ಕನೆಯವನ ಮುಂದೆ ಎರಡೂ ಕೆನ್ನೆ ಹಿಡಿದುಕೊಂಡೆ! ಎಂಥ ನೋವು ಎಂದು ಅವನು ಕೇಳಿದ. ನನ್ನ ಹಿಂದಿ ಅಲ್ಲಿಗೆ ಮುಗಿಯಿತು. ತರಕಾರಿ ಚೌಕಾಸಿಗೆ ಸಾಕಾಗುವ ಹಿಂದಿ, ನೋವಿಗೆ ಸಾಲುತ್ತದೆಯೇ? "ಚುಳ್ ಅಂತ ಬಂದು, ಜುಮ್ ಅಂತ ಹರಡಿ, ಧಿಮಿಧಿಮಿ ಅಂತ ಕೂತ್ಕೊಳ್ಳುತ್ತಪ್ಪಾ!" ಎಂದು ಶುದ್ಧ ಕನ್ನಡದಲ್ಲಿ ಹೇಳಿದೆ. ಹುಡುಗ ಬಹಳ ಯೋಚಿಸಿ, ಕಿವಿಯ ಡಾಕ್ಟರಿಗೆ ತೋರಿಸಿ ಎಂದು ಬರೆದ. ಮೇಡಮ್ಮು 'ಚುಳ್' ಎಂಬ ಹೊಸ ಕಾಯಿಲೆಯನ್ನು ಉಚ್ಚರಿಸಲು ಕೂತರು. ಜರ್ಮನಿಯ ನಾಲಿಗೆ ಆ ಳಕಾರಕ್ಕೆ ಮಡಚಿಕೊಳ್ಳಲೇ ಇಲ್ಲ.

ಐದನೆಯವಳು ಮುಸ್ಕಾನ್ ಎಂಬ ಪುಟ್ಟ ದೆಹಲಿ ಹುಡುಗಿ. ಪೆನ್ನು ಕೆಳಗಿಟ್ಟು, ನನ್ನ ಮುಖ ನೋಡಿ, "ಅಂಕಲ್, ತುಂಬಾ ನೋಯ್ತಿದೆಯಾ?" ಎಂದು ಹಿಂದಿಯಲ್ಲಿ ಮೆಲ್ಲಗೆ ಕೇಳಿದಳು. ಆಹಾ! ಕೊನೆಗೂ ಒಬ್ಬ ಪ್ರೇಕ್ಷಕಿ! ನನ್ನೊಳಗಿನ ರಾಜ ಎದ್ದು ನಿಂತ. ತಲೆ ಹಿಂದಕ್ಕೆ ಚೆಲ್ಲಿ, ಎದೆ ಬಡಿದುಕೊಂಡು, "ಅಯ್ಯೋಓಓಓ!" ಎಂದು ಹಾಲಿನ ಗೋಡೆ ಬಿರಿಯುವಂತೆ ಕೂಗಿದೆ.

ಕೆಳಗಿನ ಸೆಟ್ಟು ಹಾರಿತು.

ಟಪ್ಪನೆ ನೆಲಕ್ಕೆ ಬಿದ್ದು, ಸುಂಯ್ಯನೆ ಜಾರಿ ಎಲ್ಲಿಗೋ ಹೋಯಿತು. ಹಿಂದಿನ ಸಾಲಿನಿಂದ ಶಾರದಾಳ ದನಿ ಬಂತು: "ಬಿತ್ತು ನೋಡಿ, ಬೇವಿನ ಕಡ್ಡಿ!"

ಮುಸ್ಕಾನ್ ಮಾತ್ರ ಗಂಭೀರವಾಗಿ ಕೇಳಿದಳು. "ಅಂಕಲ್, ನೋವು ಈಗ ಬಾಯಲ್ಲಿದೆಯಾ, ನೆಲದ ಮೇಲಿದೆಯಾ?"

ಅಮೆರಿಕವೂ ಜರ್ಮನಿಯೂ ಆ ದಿನ ಮೊದಲ ಸಲ ಒಂದಾದವು. ಇಬ್ಬರೂ ಅವಳಿಗೆ ಪೂರ್ತಿ ಅಂಕ ಕೊಟ್ಟರು!

ನಾನು ಮೂಲೆಯ ಕುರ್ಚಿಗೆ ಓಡಿಹೋಗಿ ಬಾಯಿ ಮುಚ್ಚಿಕೊಂಡು ಕೂತೆ. ಶಬಾನಾ ಬಂದಳು. "ಫಾರಿ ಕಣಮ್ಮಾ," ಎಂದೆ, "ಹಲ್ಲಿನ ವಿಫಯ ನಿಂಗೆ ಹೇಳಿರ್ಲಿಲ್ಲ."

"ಹಲ್ಲಿಂದು ನಂಗೆ ಯಾವತ್ತೋ ಗೊತ್ತು ಅಂಕಲ್, ನಾನು ಡೆಂಟಿಸ್ಟು! ಆದ್ರೆ ಐದು ಜನಕ್ಕೆ ಬೇರೆ ಬೇರೆ ನೋವು ಹೇಳಿದ್ರಲ್ಲ, ಈಗ ಅಂಕ ಹೊಂದಿಸೋದು ಹೇಗೆ? ಸಂಜೆ ಇವರೆಲ್ಲ ಫ್ಲೈಟ್ ಹತ್ತುತ್ತಾರೆ." ಅವಳ ಕಣ್ಣು ತುಂಬಿತ್ತು.

ಆಗ ಶಾರದಾ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಮೂರು ಮಾತು ತಾನೆ? ನಾನು ಕೂತ್ಕೋತೀನಿ. ಬೇರೆ ಮಕ್ಕಳನ್ನ ಕರಿ."

ಕೂತಳು. ಒಬ್ಬರಾದ ಮೇಲೊಬ್ಬರು ಬಂದರು. ಪ್ರತಿಯೊಬ್ಬರಿಗೂ ಅದೇ ಮೂರು ಮಾತು, ಅದೇ ದನಿ, ಅದೇ ಜಾಗದಲ್ಲಿ ಅದೇ ನಿಟ್ಟುಸಿರು! ಪರೀಕ್ಷಕರ ಅಂಕಗಳು ಗೆರೆ ಎಳೆದ ಹಾಗೆ ಹೊಂದಿದವು. ಈಕೆ ಎಲ್ಲಿ ತರಬೇತಿ ಪಡೆದದ್ದು ಎಂದು ಪ್ರೊಫೆಸರು ಬೆರಗಾಗಿ ಕೇಳಿದರು. ಶಬಾನಾ ಕನ್ನಡಕ್ಕೆ ತಿರುಗಿಸಿದಳು.

"ತರಬೇತಿಯಾ? ಮದುವೆ ಆದಾಗಿಂದ ಇವರಿಗೆ ಒಂದೇ ಮಾತನ್ನ ಒಂದೇ ಥರ ಹೇಳ್ಕೊಂಡು ಬಂದಿದೀನಿ," ಎಂದಳು ಶಾರದಾ. "ಕೇಳಿ ಬರ್ಕೊಂಡವರು ಇವತ್ತೇ ಸಿಕ್ಕಿದ್ದು!"

ಶಬಾನಾಳ ಪರೀಕ್ಷೆ ಗೆದ್ದಿತು. ಜೊತೆಗೆ ಸರ್ವಾನುಮತದಿಂದ ಒಂದು ಹೊಸ ನಿಯಮವೂ ಸೇರಿತು: "ತನಗೆ ನಟನೆ ಬರುತ್ತದೆಂದು ಹೇಳಿಕೊಳ್ಳುವ ಯಾವುದೇ ವ್ಯಕ್ತಿಯನ್ನು ರೋಗಿಯ ಕುರ್ಚಿಯಲ್ಲಿ ಕೂರಿಸತಕ್ಕದ್ದಲ್ಲ." ಹೆಸರು ಹಾಕಿಲ್ಲ. ಆದರೆ ಅದು ನಾನೇ! ಹೊರಡುವಾಗ ಮುಸ್ಕಾನ್ ಎಲ್ಲರೆದುರು ಬಗ್ಗಿ, ಹಿರಿಯ ಕಲಾವಿದನೆಂದು ನನ್ನ ಕಾಲು ಮುಟ್ಟಿ ನಮಸ್ಕರಿಸಿದಳು.

ಏನು, ನಂಬಿಬಿಟ್ಟಿರಾ? ಸರಿ, ನೀವು ಇಷ್ಟು ದೂರ ಬಂದದ್ದಕ್ಕೆ ಒಪ್ಪಿಕೊಳ್ಳುತ್ತೇನೆ. ಇದರಲ್ಲಿ ಒಂದೇ ಒಂದು ಸುಳ್ಳಿದೆ, ಆ ನಮಸ್ಕಾರ. ಅವಳು ನನ್ನ ಕಾಲ ಬಳಿ ಬಗ್ಗಿದ್ದೇನೋ ನಿಜ. ನಾನು ಕೂತಿದ್ದ ಮೂಲೆಯ ಕುರ್ಚಿಯ ಕೆಳಗೆ ಸಿಕ್ಕಿಕೊಂಡಿದ್ದ ಸೆಟ್ಟನ್ನು ಎಳೆದು ತೆಗೆದು, ಟಿಶ್ಯೂ ಕಾಗದದಲ್ಲಿ ಸುತ್ತಿ, ಶಾರದಾಳ ಕೈಗೆ ಕೊಟ್ಟು ಹೇಳಿದಳು:

"ಆಂಟೀ, ಮನೆ ತಲುಪೋ ತನಕ ಇವರಿಗೆ ಕೊಡಬೇಡಿ."