ಖಾಲಿ ಕೊಡಬಾರದ ಡಬ್ಬಿ

ಬೇರೆಯವರ ಮನೆಗೆ ತಾಪತ್ರಯಗಳು ಬಾಗಿಲು ತಟ್ಟಿಕೊಂಡು ಬರುತ್ತವಂತೆ. ನಮ್ಮ ಮನೆಗೆ ಅವು ಡಬ್ಬಿಯಲ್ಲಿ ಬರುತ್ತವೆ, ಅದೂ ಮುಚ್ಚಳ ಭದ್ರವಾಗಿ ಹಾಕಿಕೊಂಡು. ನಾನು ಯಲಹಂಕದ ಹಳೇ ಊರಿನಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದೇನೆ. ಯಾರ ಮನೆಯ ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ನಿಂತಲ್ಲೇ ಹೇಳಬಲ್ಲೆ. ನಮ್ಮದೇ ಅಡುಗೆಮನೆಯ ಒಂದು ಸ್ಟೀಲ್ ಡಬ್ಬಿ ಎಲ್ಲಿಂದ ಬಂತು ಎಂದು ತಿಳಿಯಲು ಮಾತ್ರ ವರ್ಷಗಳೇ ಹಿಡಿದವು.

ಸಕ್ಕರೆಯಾದರೂ ಹಾಕಿ

ನನ್ನ ಗೆಳೆಯನೊಬ್ಬನಿದ್ದಾನೆ. ಚಿಕ್ಕಂದಿನಿಂದ ಇಬ್ಬರದೂ ಒಂದೇ ಬೀದಿ, ಅಕ್ಕಪಕ್ಕದ ಮನೆ. ಕೆಲವು ವರ್ಷಗಳ ಹಿಂದೆ ಅವನು ತಣಿಸಂದ್ರದಲ್ಲಿ ಫ್ಲ್ಯಾಟ್ ತೆಗೆದುಕೊಂಡು ಹೊರಟುಹೋದ. ಗೃಹಪ್ರವೇಶದ ಮರುದಿನ ಒಂದು ಸ್ಟೀಲ್ ಡಬ್ಬಿಯ ತುಂಬ ಲಾಡು ಕಳಿಸಿದ. ಲಾಡು ಎರಡು ದಿನದಲ್ಲಿ ಮುಗಿಯಿತು, ಡಬ್ಬಿ ಉಳಿಯಿತು. ನನ್ನ ಹೆಂಡತಿ ಅದನ್ನು ತೊಳೆದು, ಒರೆಸಿ, ಕಟ್ಟೆಯ ಮೇಲೆ ಬೋರಲು ಹಾಕಿ ನನ್ನನ್ನು ಕರೆದಳು.

"ಅವ್ರ ಡಬ್ಬಿ ವಾಪಸ್ ಕೊಡ್ಬೇಕು ಕಣ್ರೀ."

"ಕೊಡು, ನಾಳೆ ಆ ಕಡೆ ಹೋಗ್ತೀನಿ."

"ಖಾಲಿನಾ?"

ಆ ಒಂದು ಪದವನ್ನು ಅವಳು ಹೇಳಿದ ರೀತಿ ನೋಡಿ, ಬನಿಯನ್ನಿನಲ್ಲೇ ಮದುವೆಮನೆಗೆ ಹೋಗುತ್ತೇನೆ ಅಂದೆನೇನೋ ಎಂದು ನನಗೇ ಅನುಮಾನವಾಯಿತು. ಕೊಟ್ಟವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು, ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದರೆ ನನ್ನ ಹೆಂಡತಿ ಸಕ್ಕರೆಗೆ ನಿಲ್ಲುವವಳಲ್ಲ. ಚಕ್ಕುಲಿ ಮಾಡಿ ತುಂಬಿದಳು. ವಾರದೊಳಗೆ ಅದೇ ಡಬ್ಬಿ ಪುಳಿಯೋಗರೆ ಗೊಜ್ಜು ತುಂಬಿಕೊಂಡು ವಾಪಸು ಬಂತು. ನಿಪ್ಪಟ್ಟು ಹೋಯಿತು, ಕೊಬ್ಬರಿ ಮಿಠಾಯಿ ಬಂತು.

"ತಮ್ಮ ಡಬ್ಬೀನೇ ಮತ್ತೆ ಮತ್ತೆ ತುಂಬಿ ಕಳಿಸ್ತಾರಲ್ಲ, ಎಂಥಾ ಮನಸ್ಸು ಅವ್ರದು!" ಎಂದು ಇವಳು ಮೆಚ್ಚುವಳು. ಮರುಗಳಿಗೆಯೇ ಹಣೆ ಚಚ್ಚಿಕೊಳ್ಳುವಳು. ಬೇರೆಯವರ ಡಬ್ಬಿ ಮನೆಯಲ್ಲಿದ್ದರೆ ಅವಳಿಗೆ ನೆಮ್ಮದಿಯಿಲ್ಲ. ಅದನ್ನು ಒಂದು ಸಲ ಮುಟ್ಟಿಸಿ, ಅದು ಅಲ್ಲೇ ಉಳಿದರೆ ಸಾಕು ಎಂಬುದೇ ಅವಳ ದೊಡ್ಡ ಆಸೆಯಾಗಿಬಿಟ್ಟಿತು.

ಒಮ್ಮೆ ಅವರೆಕಾಯಿ ಕಾಲ. ಮನೆಯಲ್ಲಿ ತಿಂಡಿ ಏನೂ ಇರಲಿಲ್ಲ. ಬೇರೆ ದಾರಿ ಕಾಣದೆ ಸುಲಿಯದ ಅವರೆಕಾಯಿಯನ್ನೇ ಡಬ್ಬಿಗೆ ಒತ್ತಿ ತುಂಬಿದಳು. ನಾಲ್ಕು ದಿನಕ್ಕೆ ಡಬ್ಬಿ ತಿರುಗಿ ಬಂತು. ಒಳಗೆ ಕಾಯಿ ಸುಲಿದು, ಕಾಳು ನೆನೆಸಿ, ಒಂದೊಂದಾಗಿ ಹಿತುಕಿದ ಬೇಳೆ! ಉಗುರಿಗೆ ಕಷ್ಟ ಕೊಡುವ ಕೆಲಸವೆಲ್ಲ ಮುಗಿದು, ಸಾರಿಗೆ ಹಾಕುವುದೊಂದೇ ಬಾಕಿ.

ನನ್ನ ಹೆಂಡತಿ ಬೇಳೆಯನ್ನು ನೋಡಿದಳು, ನನ್ನನ್ನು ನೋಡಿದಳು. "ರೀ, ಸಂಜೆ ಬರ್ತಾ ಇನ್ನೂ ಎರಡು ಕೆಜಿ ಅವರೆಕಾಯಿ ತನ್ನಿ. ಡಬ್ಬಿ ವಾಪಸ್ ಕೊಡೋದಿದೆ."

ಅಕ್ಕನ ಗೋಳು

ಚಿಕ್ಕಜಾಲದಲ್ಲಿ ನನ್ನ ಅಕ್ಕ ಇದ್ದಾಳೆ. ಹಬ್ಬಕ್ಕೆ ಹೋದರೆ ಒಬ್ಬಟ್ಟಿನ ಜೊತೆ ಅವಳು ತಪ್ಪದೆ ಬಡಿಸುವುದು ತನ್ನ ಕಳೆದುಹೋದ ಡಬ್ಬಿಯ ಕಥೆ. ಮದುವೆ, ನಾಮಕರಣ, ಗೃಹಪ್ರವೇಶ ಎಂದು ತಿರುಗಾಡಿದ ಯಾವುದೋ ಒಂದು ವರ್ಷ ಅದನ್ನು ಎಲ್ಲೋ ಬಿಟ್ಟು ಬಂದಳಂತೆ. ಎಲ್ಲಿ ಎಂದು ನೆನಪಿಲ್ಲ. ಅವಳ ಅನುಮಾನ ಮಾತ್ರ ತನ್ನ ಓರಗಿತ್ತಿಯ ಮೇಲೆ.

ಮೊದಲ ವರ್ಷ ಆ ಡಬ್ಬಿ ಒಂದು ಸೇರು ಹಿಡಿಯುತ್ತಿತ್ತು. ಮರುವರ್ಷ ಎರಡು ಸೇರಾಯಿತು. ಹೋದ ಯುಗಾದಿಯ ಹೊತ್ತಿಗೆ ಒಂದು ಮದುವೆಗಾಗುವಷ್ಟು ಲಾಡು ಅದರೊಳಗೆ ಹಿಡಿಸುತ್ತಿತ್ತು.

"ಅಂಥಾ ಡಬ್ಬಿ ಈಗೆಲ್ಲಿ ಬತ್ತದೆ? ಅದ್ರಾಗೆ ಮಕ ನೋಡ್ಕಂಡು ಬೊಟ್ಟು ಇಕ್ಕಬೌದಿತ್ತು ಕಣಮ್ಮ. ಇಂಗೆ ಒಳೀತಿತ್ತು!"

"ಅಯ್ಯೋ ಅತ್ತಿಗೆ! ಪಾತ್ರೆ ಎತ್ಕೊಂಡು ಹೋಗೋರೂ ಇರ್ತಾರಲ್ಲ, ಎಂಥಾ ಜನ!"

"ತಕ್ಕಂಡೋದೋರು ಮಾಡಿದ್ ಸಾರಿಗೆ ಉಪ್ಪೇ ಇಡೀದಂಗಾಗ್ಲಿ."

ಅಕ್ಕನ ಶಾಪ ನನ್ನ ಹೆಂಡತಿಗೆ ಸಪ್ಪೆ ಎನಿಸಿತು. "ಉಪ್ಪಾದ್ರೆ ಆಮೇಲೆ ಹಾಕ್ಕೋತಾರೆ ಅತ್ತಿಗೆ. ಅಂಥೋರ ಚಕ್ಕುಲಿ ಎಣ್ಣೇಲೇ ಬಿಟ್ಕೊಂಡು ಪುಡಿಪುಡಿ ಆಗ್ಲಿ ಅನ್ನಿ!"

ಇಬ್ಬರೂ ಸೇರಿ ಪ್ರತಿ ಹಬ್ಬಕ್ಕೂ ಹೀಗೆ ಮನಸಾರೆ ಶಪಿಸಿ, ಬಾಯಿ ತಣಿದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ಯಾಕೋ ಏನೋ, ಈಚೆಗೆ ನಮ್ಮ ಮನೆಯ ಚಕ್ಕುಲಿಯೇ ಎಣ್ಣೆಯಲ್ಲಿ ಬಿಟ್ಟುಕೊಳ್ಳುತ್ತಿದೆ. ಹಿಟ್ಟಿನ ಗಿರಣಿಯವನನ್ನು ಬದಲಾಯಿಸಿ ನೋಡಿದೆವು, ಪ್ರಯೋಜನವಾಗಲಿಲ್ಲ.

ಚಕ್ಕುಲಿ ಅಂಕಲ್

ಡಬ್ಬಿ ಸಾಗಿಸುವ ಕೆಲಸ ನನ್ನದು. ಸ್ಕೂಟರಿನ ಕೊಕ್ಕೆಗೆ ಚೀಲ ನೇತುಹಾಕಿಕೊಂಡು ತಣಿಸಂದ್ರ ತಲುಪಿದರೆ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ವಾಚ್‌ಮನ್ ಅಡ್ಡ ನಿಲ್ಲುತ್ತಾನೆ. ಮೊದಲ ಸಲ ನನ್ನ ಹೆಲ್ಮೆಟ್ಟು, ಚೀಲ ಎರಡನ್ನೂ ನೋಡಿ ಕೇಳಿದ, "ಯಾವ ಕಂಪ್ನಿ?"

"ಕಂಪ್ನಿ ಇಲ್ಲಪ್ಪ. ಸ್ನೇಹಿತನ ಮನೆಗೆ."

"ಎಲ್ರೂ ಹಂಗೇ ಹೇಳ್ತಾರೆ. ಚೀಲದಲ್ಲಿ ಏನು?"

"ಚಕ್ಕುಲಿ."

ಅವನು ಇಂಟರ್‌ಕಾಂ ಎತ್ತಿ, "ಸಾರ್, ಚಕ್ಕುಲಿ ಡೆಲಿವರಿ ಬಂದಿದೆ" ಅಂದ. ಆ ಕಡೆಯಿಂದ ನನ್ನ ಪ್ರಾಣಸ್ನೇಹಿತನ ದನಿ ನನಗೇ ಕೇಳಿಸುವಷ್ಟು ಸ್ಪಷ್ಟವಾಗಿ ಬಂತು. "ಗೇಟಲ್ಲೇ ಇಟ್ಟು ಹೋಗಕ್ಕೆ ಹೇಳ್ರೀ. ಮಲ್ಗಿದೀನಿ!"

ನಾನು ಇಂಟರ್‌ಕಾಂ ಕಿತ್ತುಕೊಂಡು ಅವನಿಗೆ ಎರಡು ಮಾತು ಹೇಳಿದೆ, ಇಲ್ಲಿ ಬರೆಯುವಂಥವಲ್ಲ. ಲುಂಗಿ ಎತ್ತಿಕಟ್ಟಿಕೊಂಡು ಓಡಿ ಬಂದ. ಅಂದಿನಿಂದ ವಾಚ್‌ಮನ್ ನನಗೆ ಸಲಾಮು ಹೊಡೆದು ಬಿಡುತ್ತಾನೆ. ಆದರೆ ಬರೀ ಕೈಯಲ್ಲಿ ಹೋದ ದಿನ ಮಾತ್ರ ಮತ್ತೆ ತಡೆದ. "ಎಲ್ಲಿ ಅಂಕಲ್, ಚಕ್ಕುಲಿ ಇಲ್ದೆ ಬಂದಿದೀರಾ? ಒಂದ್ಸಲ ಮೇಲೆ ಕೇಳ್ಬಿಡ್ತೀನಿ ಇರಿ."

ಜಕ್ಕೂರು ಕೆರೆಯ ಬೆಂಚು

ಈ ಗೇಟಿನ ಕಾಟ ತಪ್ಪಿಸಿಕೊಳ್ಳಲು ನಾವಿಬ್ಬರೂ ಒಂದು ಉಪಾಯ ಮಾಡಿದೆವು. ಅರ್ಧ ದಾರಿ ನಾನು, ಅರ್ಧ ದಾರಿ ಅವನು. ಜಕ್ಕೂರು ಕೆರೆಯ ಏರಿಯ ಬೆಂಚಿನಲ್ಲಿ ಡಬ್ಬಿ ಕೈ ಬದಲಾಗಬೇಕು. ವ್ಯವಸ್ಥೆ ಸೊಗಸಾಗಿತ್ತು. ತೊಂದರೆ ಏನೆಂದರೆ ಕೆರೆಯ ಗಾಳಿಗೆ ಹಸಿವು ಜಾಸ್ತಿ. ಒಂದು ಸಂಜೆ ಅವನು ತಂದ ರವೆ ಉಂಡೆಯನ್ನು ಹರಟೆ ಹೊಡೆಯುತ್ತ ಇಬ್ಬರೂ ಖಾಲಿ ಮಾಡಿಬಿಟ್ಟೆವು.

"ಈಗೇನ್ ಗುರು ಮಾಡೋದು?" ಅಂದ.

"ಖಾಲಿ ತಗೊಂಡು ಹೋದ್ರೆ ಮನೆಗೆ ಸೇರಿಸಲ್ಲ ಕಣೋ" ಅಂದೆ.

ದಾರಿಯ ಬೇಕರಿಯಲ್ಲಿ ಖಾರಾ ಬಿಸ್ಕತ್ತು ಕೊಂಡು ಡಬ್ಬಿಗೆ ತುಂಬಿಸಿದೆವು. ನನ್ನ ಹೆಂಡತಿ ಒಂದು ತಿಂದು ಕಣ್ಣರಳಿಸಿದಳು. "ಏನ್ ಹದ ರೀ! ಮನೇಲಿ ಇಷ್ಟು ಚೆನ್ನಾಗಿ ಬರತ್ತಾ? ಹೆಂಗ್ ಮಾಡಿದ್ರು ಕೇಳ್ತೀನಿ ಇರಿ" ಎಂದು ನಾನು ತಡೆಯುವ ಮೊದಲೇ ಗೆಳೆಯನ ಹೆಂಡತಿಗೆ ಫೋನ್ ಹಚ್ಚಿದಳು.

ಇನ್ನು ಗುಟ್ಟು ರಟ್ಟಾಯಿತು ಅಂದುಕೊಂಡೆ. ಆದರೆ ರವೆ ಉಂಡೆ ಕಳಿಸಿದ್ದ ಆ ಹೆಂಗಸು, ಒಂದು ಗಳಿಗೆಯೂ ತಡವರಿಸದೆ, ಮೈದಾ ಎಷ್ಟು, ಬೆಣ್ಣೆ ಎಷ್ಟು, ಹಸಿಮೆಣಸಿನಕಾಯಿ ಎಷ್ಟು ಎಂದು ಖಾರಾ ಬಿಸ್ಕತ್ತಿನ ವಿಧಾನವನ್ನು ಮೊದಲಿಂದ ಕೊನೆಯವರೆಗೆ ಹೇಳಿದರು. ಹೊಗಳಿಕೆ ಯಾವ ವಿಳಾಸಕ್ಕೆ ಬಂದಿದ್ದರೇನು, ಮನೆ ಬಾಗಿಲಿಗೆ ಬಂದದ್ದನ್ನು ಯಾರು ಬೇಡ ಅನ್ನುತ್ತಾರೆ?

ನಿಮ್ದಲ್ವಾ?

ಕೊನೆಗೆ ಅದೇ ಬೆಂಚಿನ ಮೇಲೆ ಗೆಳೆಯ ಒಂದು ದಿನ ಬೇಸತ್ತು ಹೇಳಿದ. "ಗುರು, ತಪ್ಪು ತಿಳ್ಕೋಬೇಡ. ನಿಮ್ ಡಬ್ಬೀನ ನೀವೇ ಇಟ್ಕೊಳ್ರೋ. ವಾಪಸ್ ಕೊಟ್ಟಷ್ಟೂ ಕಳಿಸ್ತಾನೇ ಇರ್ತೀರಲ್ಲ. ನನ್ನ ಹೆಂಡ್ತಿಗೆ ಕರಿದು ಕರಿದು ಸಾಕಾಗಿದೆ."

"ನಮ್ ಡಬ್ಬೀನಾ? ನಿಮ್ದಲ್ವಾ?"

"ಗೃಹಪ್ರವೇಶದ ದಿನ ನಮ್ ಅಡುಗೆಮನೇಲಿ ಉಳ್ದಿತ್ತು. ಆವತ್ತೆಲ್ಲಾ ಅಲ್ಲಿ ಓಡಾಡಿದ್ದು ನಿನ್ ಹೆಂಡ್ತಿ ತಾನೇ? ಅವರದೇ ಅಂತ ಲಾಡು ತುಂಬಿ ಕಳಿಸಿದ್ವಿ."

ಆ ಸಂಜೆಯೇ ನಾಲ್ವರೂ ಅವನ ಮನೆಯ ಹಾಲ್‌ನಲ್ಲಿ ಕೂತೆವು. ಟೀಪಾಯಿಯ ಮೇಲೆ ಡಬ್ಬಿ ನಿರಾಳವಾಗಿ ಹೊಳೆಯುತ್ತಿತ್ತು. ಗೆಳೆಯನ ಹೆಂಡತಿ ಫೋನಿನಲ್ಲಿ ಗೃಹಪ್ರವೇಶದ ಫೋಟೊಗಳನ್ನು ಒಂದೊಂದೇ ಸರಿಸುತ್ತ ಹೋದರು. ಒಂದು ಫೋಟೊದ ಹತ್ತಿರ ಬೆರಳು ನಿಂತಿತು. ಹೊಸ್ತಿಲ ಮೇಲೆ, ರೇಷ್ಮೆ ಸೀರೆ ಉಟ್ಟು, ಅದೇ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಗುತ್ತ ನಿಂತಿದ್ದವಳು ಚಿಕ್ಕಜಾಲದ ನನ್ನ ಅಕ್ಕ. ಚಿಕ್ಕಂದಿನಲ್ಲಿ ನಮ್ಮಿಬ್ಬರ ಕಿವಿಯನ್ನೂ ಒಟ್ಟಿಗೇ ಹಿಂಡಿದವಳು, ಅವನ ಗೃಹಪ್ರವೇಶಕ್ಕೆ ಬರದೇ ಇರುತ್ತಾಳೆಯೇ?

ನನ್ನ ಹೆಂಡತಿಯ ಮುಖ ಬಿಳಿಚಿಕೊಂಡಿತು.

"ಅದಕ್ಕೇ ರೀ," ಅಂದಳು ಮೆಲ್ಲಗೆ, "ನಮ್ ಚಕ್ಕುಲಿ ಬಿಟ್ಕೊಳ್ತಿರೋದು."

ಚಿಕ್ಕಜಾಲಕ್ಕೆ

ಡಬ್ಬಿಯನ್ನು ಒಡತಿಗೆ ಮುಟ್ಟಿಸಿ ತಪ್ಪೊಪ್ಪಿಕೊಂಡು ಬರುವುದೆಂದು ತೀರ್ಮಾನವಾಯಿತು. ಹೆಂಗಸರಿಬ್ಬರೂ ಕೂತು ಅಕ್ಕನಿಗೆ ಇಷ್ಟವಾದ ಕೋಡುಬಳೆ ಮಾಡಿ ತುಂಬಿದರು. ನನಗೆ ಮಾತ್ರ ಬೇಜಾರು. ಇಷ್ಟು ವರ್ಷ ಗೊಣಗಿದ್ದೇನೋ ನಿಜ. ಆದರೆ ಈ ಡಬ್ಬಿ ಹೋದಮೇಲೆ ಯಾವ ನೆಪ ಹೇಳಿ ವಾರವಾರ ಆ ಬೆಂಚಿಗೆ ಹೋಗುವುದು? ಗೆಳೆಯನೂ ಅದನ್ನೇ ಯೋಚಿಸುತ್ತಿದ್ದ ಎಂದು ಕಾಣುತ್ತದೆ. ಲಿಫ್ಟಿನವರೆಗೆ ಬಂದು, ಡಬ್ಬಿಯ ಮುಚ್ಚಳವನ್ನು ಸುಮ್ಮನೆ ಒಮ್ಮೆ ಒತ್ತಿ ಕಳಿಸಿದ.

ಭಾನುವಾರ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಚಿಕ್ಕಜಾಲಕ್ಕೆ ಹೋದೆ. ದಾರಿಯುದ್ದಕ್ಕೂ ಅವಳು ಹೇಳಬೇಕಾದ ಮಾತನ್ನು ನನ್ನ ಬೆನ್ನಿಗೆ ಹೇಳಿ ಹೇಳಿ ಅಭ್ಯಾಸ ಮಾಡುತ್ತಿದ್ದಳು. ಅಕ್ಕ ಡಬ್ಬಿ ತೆಗೆದು, ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡಳು. "ಚೆಂದಾಗವೆ ಕಣಮ್ಮ."

"ಅತ್ತಿಗೆ, ಕೋಡುಬಳೆ ಬಿಡಿ. ಡಬ್ಬಿ ನೋಡಿ ಸರಿಯಾಗಿ."

ಅಕ್ಕ ತಿರುಗಿಸಿ ನೋಡಿದಳು. "ಪರವಾಗಿಲ್ಲ. ನಿಂಗೆ ಇಷ್ಟು ಸಾಕು. ನಂದು ಇದ್ರ ಮೂರರಷ್ಟಿತ್ತು."

"ಇದೇ ಅತ್ತಿಗೆ ನಿಮ್ ಡಬ್ಬಿ! ತಪ್ಪಾಗಿ ನಮ್ಮನೇಲಿ ಸೇರ್ಕೊಂಡಿತ್ತು." ಹೆಂಡತಿಯ ಕಣ್ಣು ತುಂಬಿಯೇಬಿಟ್ಟಿತು.

ಅಕ್ಕ ಅವಳ ಗಲ್ಲ ಸವರಿದಳು. "ನಂಗೆ ಸಮಾಧಾನ ಆಗ್ಲಿ ಅಂತ ನಿಂದನ್ನೇ ಕೊಡಾಕ್ ಬಂದಿದ್ದೀಯಲ್ಲ! ಏನ್ ಮನ್ಸಮ್ಮ ನಿಂದು! ಬ್ಯಾಡ, ಇಟ್ಕೋ."

ನಾನು ಫೋನಿನಲ್ಲಿ ಆ ಫೋಟೊ ತೋರಿಸಿದೆ. ಅಕ್ಕ ಕನ್ನಡಕ ಹಾಕಿಕೊಂಡು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಊಂ, ಇದು ನಾನೇ. ಡಬ್ಬೀನೂ ನಂದೇ. ಆದ್ರೆ ಚಿಕ್ಕದಾಗಿ ಬಿದ್ದದೆ ಕಣೋ. ಪೋಟೋದಾಗೆ ಎಲ್ಲಾ ಚಿಕ್ಕದಾಗೇ ಅಲ್ವಾ ಕಾಣಾದು!"

ನಾವಿಬ್ಬರೂ ಬಾಯಿ ತೆರೆದುಕೊಂಡು ನಿಂತಿರುವಾಗಲೇ ಅವಳು ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ಕೋಡುಬಳೆಯನ್ನು ಬೇರೆ ಪಾತ್ರೆಗೆ ಸುರಿದ ಸದ್ದಾಯಿತು. ಹೊರಗೆ ಬಂದಾಗ ಡಬ್ಬಿಯ ತುಂಬ ಹುರುಳಿಕಾಳು.

"ತಕ್ಕಳಮ್ಮ, ಖಾಲಿ ಕೊಡಬಾರದು" ಎಂದು ನನ್ನ ಹೆಂಡತಿಯ ಕೈಗಿಟ್ಟು, ಗೇಟಿನವರೆಗೂ ಬಂದು, ದನಿ ತಗ್ಗಿಸಿ ಎಚ್ಚರಿಸಿದಳು. "ಡಬ್ಬಿ ಜೋಪಾನ. ಎಲ್ಲೂ ಬಿಟ್ಟುಗಿಟ್ಟು ಬಂದೀಯ. ಎತ್ಕಂಡೋಗೋ ಜನ ಅವ್ರೆ."

"ಹೌದು ಅತ್ತಿಗೆ, ಅಂಥೋರ ಚಕ್ಕುಲಿ..." ಎಂದು ಅಭ್ಯಾಸಬಲದಿಂದ ಶುರುಮಾಡಿದ ನನ್ನ ಹೆಂಡತಿ, ಅರ್ಧಕ್ಕೇ ಬಾಯಿ ಮುಚ್ಚಿಕೊಂಡು, ಡಬ್ಬಿಯನ್ನು ತಬ್ಬಿಕೊಂಡು ಸ್ಕೂಟರ್ ಹತ್ತಿದಳು.